ಮಧ್ಯಮದಿಂದ ಪಂಚಮಕ್ಕೆ: ಕೊಳಲು ಕೇಳುವವರಿಗೆ

ಬಾಗಲಕೋಟೆ, ಬಾದಾಮಿ, ಹುನಗುಂದದ ಕಡೆ ಊದುವ ವಾದ್ಯವೆಂದರೆ ಮೊದಲು ನೆನಪಾಗುವುದು ಸನಾದಿ. ಮದುವೆಗೂ ಅದೇ, ತೇರಿಗೂ ಅದೇ. ಬೀಳಗಿಯ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ 1977ರಲ್ಲಿ ‘ಸನಾದಿ ಅಪ್ಪಣ್ಣ’ ಚಿತ್ರವಾದ ಮೇಲಂತೂ ಅದರಲ್ಲಿ ನುಡಿದ ಬಿಸ್ಮಿಲ್ಲಾ ಖಾನರ ಶಹನಾಯಿ ಮನೆಮನೆಯ ಮಾತಾಯಿತು. ಕೊಳಲಿಗೆ ಆ ಭಾಗ್ಯವಿಲ್ಲ. ಸಿನಿಮಾ ಹಾಡಿನ ನಡುವೆ ಬಂದು ಹೋಗುವ ಇಂಪಾದ ಸದ್ದು, ಅಷ್ಟೇ. ಹೀಗಾಗಿ ಕೊಳಲೊಂದೇ ತಾಸುಗಟ್ಟಲೆ ರಾಗ ಬಿಡಿಸತೊಡಗಿದರೆ ಹೊಸಬರಿಗೆ ಎಲ್ಲಿ ಕಿವಿಗೊಡಬೇಕೆಂಬುದೇ ಹೊಳೆಯುವುದಿಲ್ಲ.

ಮಧ್ಯಮದಿಂದ ಪಂಚಮಕ್ಕೆ ದಾಟುವಲ್ಲಿ ಕಿವಿಗೊಡಿ ಎಂಬುದು ನನ್ನ ಸಲಹೆ.

ಹಿಂದೂಸ್ತಾನಿ ಬಾನ್ಸುರಿಯಲ್ಲಿ ಬೆರಳಾಡಿಸಲು ಸಾಮಾನ್ಯವಾಗಿ ಆರು ರಂಧ್ರ. ಮೇಲಿನ ಮೂರು ಮುಚ್ಚಿದರೆ ಷಡ್ಜ. ಒಂದು ಬೆರಳೆತ್ತಿದರೆ ರಿಷಭ, ಇನ್ನೊಂದು ಎತ್ತಿದರೆ ಗಾಂಧಾರ. ಕೊನೆಯದನ್ನು ಅರ್ಧ ತೆರೆದಾಗ ಶುದ್ಧ ಮಧ್ಯಮ, ಪೂರ್ತಿ ತೆರೆದಾಗ ತೀವ್ರ ಮಧ್ಯಮ. ಪಂಚಮಕ್ಕೆ ಹೋಗಬೇಕೆಂದರೆ ಎತ್ತಲು ಬೆರಳೇ ಉಳಿದಿಲ್ಲ! ಆರನ್ನೂ ಒಮ್ಮೆಲೇ ಮುಚ್ಚಿ, ತುಟಿ ಬಿಗಿಹಿಡಿದು, ಉಸಿರಿನ ವೇಗ ಹೆಚ್ಚಿಸಬೇಕು. ಹಾಡುವವರ ಗಂಟಲಿಗೆ ಈ ತೊಡಕಿಲ್ಲ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಆ ಜಾಗವೇ ಇದು. ಕೂಡಿಸಿದ್ದು ಕಣ್ಣಿಗೆ ಬೀಳದಿದ್ದರೆ ನೇಕಾರ ಗಟ್ಟಿಗ.

ಈ ತೊಡಕಿಗೆ ಮದ್ದು ಹುಡುಕಿದವರು ಬಾರಿಸಾಲದಲ್ಲಿ 1911ರಲ್ಲಿ ಹುಟ್ಟಿದ ಪನ್ನಾಲಾಲ್ ಘೋಷ್. ಗೇಣುದ್ದದ ಕೊಳಲಿನಲ್ಲಿ ಖಯಾಲಿನ ಗಾಂಭೀರ್ಯ ಬಾರದೆಂದು ಸುಮಾರು 32 ಅಂಗುಲದ ಬಿದಿರು ಹಿಡಿದರು. ಕಿರುಬೆರಳಿಗೆಂದು ಏಳನೆಯ ರಂಧ್ರ ಕೊರೆದರು. ಏಳನ್ನೂ ಮುಚ್ಚಿ ಜೋರಾಗಿ ಊದಿದರೆ ತೀವ್ರ ಮಧ್ಯಮ ಬರುತ್ತದೆ, ಕಿರುಬೆರಳನ್ನು ಮೆಲ್ಲಗೆ ಸರಿಸಿದರೆ ಪಂಚಮಕ್ಕೆ ಜಾರುತ್ತದೆ. ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ಎಳೆ, ಕಡಿಯುವುದಿಲ್ಲ. ಹರಿಪ್ರಸಾದ್ ಚೌರಾಸಿಯಾ ಮಾತ್ರ ಆರರಲ್ಲೇ ಜಗತ್ತು ಗೆದ್ದರು. ಯಾವುದು ಮೇಲೆಂಬ ಜಗಳ ಬಾರಿಸುವವರಿಗೆ ಇರಲಿ, ಕೇಳುಗರಿಗೆ ಬೇಡ.

ಘೋಷರು ನಮ್ಮ ಕಡೆಯವರಿಗೆ ತೀರ ಪರಕೀಯರೂ ಅಲ್ಲ. ಅವರ ಹೆಂಡತಿ ಪಾರುಲ್, ಸಂಗೀತ ನಿರ್ದೇಶಕ ಅನಿಲ್ ಬಿಸ್ವಾಸರ ತಂಗಿ. ಬಿಸ್ವಾಸರ ‘ಕಿಸ್ಮತ್’ (1943) ಚಿತ್ರದಲ್ಲಿ ಪಾರುಲರೂ ಹಾಡಿದ್ದಾರೆ, ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರೂ ಹಾಡಿದ್ದಾರೆ. ಇನ್ನು ಘೋಷರ ಪ್ರಮುಖ ಶಿಷ್ಯ, ಮುಂದೆ ಅಳಿಯನೂ ಆದ ದೇವೇಂದ್ರ ಮುರ್ಡೇಶ್ವರ (1923–2000) ಹುಟ್ಟಿದ್ದು ಸವಣೂರಿನಲ್ಲಿ. ಗುರು 1960ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ವಾದನಶೈಲಿಯನ್ನು ಉಳಿಸಿದವರಲ್ಲಿ ಮುರ್ಡೇಶ್ವರರು ಮುಂಚೂಣಿಯವರು. ಅವರ ಮಗ ಆನಂದರೂ ಕೊಳಲುಗಾರರಾದರು, ಆದರೆ ಚಿಕ್ಕ ವಯಸ್ಸಿಗೇ ಹೋಗಿಬಿಟ್ಟರು. ದೇವೇಂದ್ರರಲ್ಲಿ ಕಲಿತ ನಿತ್ಯಾನಂದ ಹಳದೀಪುರ ಆಮೇಲೆ ಸುರ್‌ಬಹಾರ್ ವಾದಕಿ ಅನ್ನಪೂರ್ಣಾ ದೇವಿಯವರ ಶಿಷ್ಯರೂ ಆದರು. ಮುರ್ಡೇಶ್ವರರ ಹೆಸರು ನಮ್ಮಲ್ಲಿ ಗಾಯಕರ ಹೆಸರಿನಷ್ಟು ಓಡಾಡದಿರುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ಮೊದಲು ಯಮನ್ ಕೇಳಿ. ತೀವ್ರ ಮಧ್ಯಮ, ಪಂಚಮ ಎರಡೂ ಅಲ್ಲಿ ಪದೇ ಪದೇ ಬರುತ್ತವೆ. ಆಮೇಲೆ ಭೂಪ್. ಮಧ್ಯಮವೇ ಇಲ್ಲದ ಈ ರಾಗದ ಜೀವ ಪಂಚಮದಿಂದ ಗಾಂಧಾರಕ್ಕಿಳಿಯುವ ಮೀಂಡ್‌ನಲ್ಲಿದೆ. ಕೊಳಲಿನಲ್ಲಿ ಅದು ಹರಿಯಿತೋ, ಎಡವಿತೋ ಎಂಬುದು ನಾಲ್ಕಾರು ಸಲ ಕೇಳಿದರೆ ನಿಮಗೇ ಗೊತ್ತಾಗುತ್ತದೆ. ವಿಲಂಬಿತದಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಗಮನಿಸಿ. ಒಳ್ಳೆಯವರ ಉಸಿರು ಬಂದಿಶ್‌ನ ಮಾತು ಒಡೆಯುವಲ್ಲೇ ಒಡೆಯುತ್ತದೆ. ಉಳಿದವರದು ಎದೆ ಖಾಲಿಯಾದಲ್ಲಿ.

ಬಯಲು ವೇದಿಕೆಯಲ್ಲಿ ಕೊಳಲಿಗೆ ಕಷ್ಟ. ತುಟಿಯ ಮುಂದೆ ಗಾಳಿ ಅಡ್ಡ ಬೀಸಿದರೆ ಸ್ವರವೇ ಹುಟ್ಟದು. ಬಾದಾಮಿಯ ಬಂಡೆಗಳೆದುರು ಸಂಜೆ ಕಾರ್ಯಕ್ರಮ ನಡೆದಾಗ ಕಲಾವಿದರು ಕೂತ ದಿಕ್ಕು ಬದಲಿಸಿದರೆ ಸಿಡುಕೆಂದುಕೊಳ್ಳಬೇಡಿ. ಬಿಸಿಲು ಏರಿದಂತೆ ಕೊಳಲಿನ ಶ್ರುತಿಯೂ ಏರುತ್ತದೆ, ತಂಬೂರಿಯನ್ನು ನಡುವೆ ಮತ್ತೆ ಕೂಡಿಸಬೇಕಾಗುತ್ತದೆ. ಒಣಹವೆಗೆ ಬಿದಿರು ಸೀಳಬಾರದೆಂದೇ ಅಲ್ಲಲ್ಲಿ ದಾರ ಸುತ್ತಿರುತ್ತಾರೆ, ಅಂದಕ್ಕಲ್ಲ.

ಆದಷ್ಟು ಮುಂದೆ ಕೂರಿ. ಮಂದ್ರದ ಸ್ವರಗಳು ಧ್ವನಿವರ್ಧಕದಲ್ಲಿ ಅರ್ಧ ಸತ್ತೇ ಬರುತ್ತವೆ, ಆಲಾಪದ ಬಹುಪಾಲು ಇರುವುದೋ ಅಲ್ಲೇ. ಕೊನೆಗೆ ಗಿಡ್ಡ ಕೊಳಲು ಹೊರಬಂತೆಂದರೆ ಧುನ್ ಎಂಬ ಹಗುರ ಧಾಟಿ ಶುರುವಾಗುತ್ತದೆ, ಚಪ್ಪಾಳೆಯೂ ಅದಕ್ಕೇ ಹೆಚ್ಚು. ನೀವೂ ಧಾರಾಳವಾಗಿ ತಟ್ಟಿ. ಬಸ್ಸಿನ ಹೊತ್ತಾಯಿತೆಂದು ಮೊದಲೇ ಏಳಲೇಬೇಕಾದರೆ ಈ ಧುನ್ ಬಿಟ್ಟು ಏಳಿ, ಆಲಾಪ ಬಿಟ್ಟು ತಡವಾಗಿ ಬರಬೇಡಿ.