ಎಡ ಫೋರ್ಕಿನ ಮೇಲಿನ ಹಸಿರು ಚೀಟಿ

ಕ್ಯಾಲಿಫೋರ್ನಿಯಾದಲ್ಲಿ ಸೆಕೆಂಡ್ ಹ್ಯಾಂಡ್ ಡರ್ಟ್ ಬೈಕ್ ನೋಡಲು ಹೋದಾಗ ನಾನು ಮೊದಲು ಎಂಜಿನ್ ಸ್ಟಾರ್ಟ್ ಮಾಡಿಸುವುದಿಲ್ಲ. ಕುಕ್ಕರುಗಾಲಲ್ಲಿ ಕೂತು ಎಡಗಡೆಯ ಫೋರ್ಕ್ ನೋಡುತ್ತೇನೆ. ಅಲ್ಲಿ ಅಂಟಿಸಿದ ನೋಂದಣಿ ಸ್ಟಿಕ್ಕರ್ ಹಸಿರೋ ಕೆಂಪೋ? ಆಮೇಲೆ ಹ್ಯಾಂಡಲ್ ಕೆಳಗಿನ ಮಣ್ಣು ಒರೆಸಿ ಚಾಸಿ ನಂಬರಿನ ಎಂಟನೇ ಸ್ಥಾನಕ್ಕೆ ಬೆರಳಿಡುತ್ತೇನೆ. 2003 ಅಥವಾ ಅದರ ನಂತರದ ಮಾಡೆಲ್ ಆಗಿದ್ದು, ಅಲ್ಲಿ 3 ಅಥವಾ ‘ಸಿ’ ಕಂಡರೆ ಹೊಗೆಯ ಪರೀಕ್ಷೆಗೆ ಒಗ್ಗದ ಗಾಡಿ ಎಂದೇ ಅರ್ಥ.

ಪರೀಕ್ಷೆಗೆ ಒಗ್ಗಿದವಕ್ಕೆ ಹಸಿರು, ಇಂಥವಕ್ಕೆ ಕೆಂಪು ಸ್ಟಿಕ್ಕರ್ ಸಿಗುತ್ತಿತ್ತು. ಅವುಗಳಲ್ಲಿ ಹಲವು ಟೂ-ಸ್ಟ್ರೋಕ್; ಉರಿಯದ ಪೆಟ್ರೋಲು, ಆಯಿಲ್ ಒಂದಿಷ್ಟು ಸೈಲೆನ್ಸರಿನಿಂದ ಹಾಗೇ ಹೊರಬೀಳುತ್ತದೆ. ಬೇಸಿಗೆಯ ಬಿಸಿಲಿಗೆ ಅದೇ ನೆಲಮಟ್ಟದ ಓಝೋನ್ ಹುಟ್ಟಲು ಕಾರಣವಾಗುತ್ತದೆ. ಹಾಗಾಗಿ ಹಲವು ಕಡೆ ಕೆಂಪು ಗಾಡಿಗೆ ತಂಪು ತಿಂಗಳುಗಳಲ್ಲಿ ಮಾತ್ರ ಪ್ರವೇಶವಿತ್ತು. 2022ರ ಮಾಡೆಲ್‌ನಿಂದ ಹೊಸ ಕೆಂಪು ಸ್ಟಿಕ್ಕರ್ ನಿಂತಿತು. ಹಳೆಯವುಗಳ ಋತುವಿನ ಕಟ್ಟು 2025ರ ಜನವರಿಯಿಂದ ಸಡಿಲವಾಯಿತು. ಇದು ಸರಿಯಾದ ತೀರ್ಮಾನ. ಹಿಂದೆ ಒಪ್ಪಿಗೆ ಪಡೆದು ಕೊಂಡವನನ್ನು ಕೊನೆಯವರೆಗೂ ದಂಡಿಸಬಾರದು.

ಹಲವು ಕಡೆ ಓಡಿಸುವ ನೆಲ ಕೇಂದ್ರ ಸರ್ಕಾರದ್ದು, ಸ್ಟಿಕ್ಕರ್ ರಾಜ್ಯದ್ದೇಕೆ ಎಂದು ಹೊಸಬರು ಕೇಳುತ್ತಾರೆ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಹೊರಡಿಸಿದ 11644ನೇ ಆದೇಶವು, ಎಲ್ಲಿ ಓಡಿಸಬಹುದು, ಎಲ್ಲಿ ಕೂಡದು ಎಂದು ಗುರುತಿಸುವ ಕೆಲಸವನ್ನು ಕೇಂದ್ರದ ಇಲಾಖೆಗಳಿಗೆ ವಹಿಸಿತು. ಗಾಡಿಯ ನೋಂದಣಿ ರಾಜ್ಯಗಳ ಕೈಯಲ್ಲೇ ಉಳಿಯಿತು. ಕ್ಯಾಲಿಫೋರ್ನಿಯಾ 1971ರಲ್ಲೇ ಇದಕ್ಕೊಂದು ಕಾನೂನು ಮಾಡಿಕೊಂಡಿತ್ತು. ರಸ್ತೆಯ ನಂಬರ್ ಪ್ಲೇಟ್ ಇರುವ ಜೀಪಿಗೆ ಈ ಚೀಟಿ ಬೇಕಿಲ್ಲ. ಮಣ್ಣಿಗೆಂದೇ ಇರುವ ಬೈಕು, ಎಟಿವಿಗಳಿಗೆ ಬೇಕು. ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ನಮ್ಮ ಭಾರತದ ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ನಡುದಾರಿಯ ನೋಂದಣಿಯಿಲ್ಲ. ಸಕಲೇಶಪುರದ ಕಡೆ ಕೆಸರಿನಲ್ಲಿ ಆಡುವ ಗೆಳೆಯರನ್ನು ಕಂಡಾಗಲೆಲ್ಲ ಈ ಕೊರತೆ ನನ್ನನ್ನು ಕಾಡುತ್ತದೆ.

ಸ್ಟಿಕ್ಕರಿಗೆ ಕಟ್ಟುವ ಹಣಕ್ಕೆ ನಾನು ಒಮ್ಮೆಯೂ ಗೊಣಗಿಲ್ಲ. ಸ್ಯಾನ್ ಹೋಸೆಯ ಕನ್ನಡಿಗರಿಗೆ ಹತ್ತಿರವಿರುವ ಆಫ್-ರೋಡ್ ಬೈಕ್ ತಾಣ ಹೊಲಿಸ್ಟರ್ ಹಿಲ್ಸ್‌ಗೆ ಮಳೆಗಾಲದಲ್ಲಿ ಹೋಗಿ ನೋಡಿ. ಒದ್ದೆ ಜಾಡಿನಲ್ಲಿ ಒಂದು ಚಕ್ರ ಕೊರೆದ ಗೆರೆಯಲ್ಲಿ ಮುಂದಿನ ಮಳೆಯ ನೀರು ಹರಿದು ಕೊರಕಲು ಬೀಳುತ್ತದೆ. ಅದನ್ನು ಮುಚ್ಚಿ, ನೀರು ಪಕ್ಕಕ್ಕೆ ಹರಿಯುವಂತೆ ಏರಿ ಕಟ್ಟುವ ಖರ್ಚಿಗೆ ನಮ್ಮ ಶುಲ್ಕವೂ ಪೆಟ್ರೋಲ್ ತೆರಿಗೆಯ ಒಂದು ಪಾಲೂ ಸೇರುತ್ತವೆ.

ಸ್ಟಿಕ್ಕರ್ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್ ಬೇಕು, ಸದ್ದು 96 ಡೆಸಿಬೆಲ್ ಮೀರಬಾರದು. 1986ಕ್ಕೂ ಹಿಂದಿನ ಗಾಡಿಗೆ 101ರವರೆಗೆ ರಿಯಾಯಿತಿ. ಅಳೆಯುವವರು ಸೈಲೆನ್ಸರಿನ ಬಾಯಿಂದ 20 ಇಂಚು ದೂರದಲ್ಲಿ, 45 ಡಿಗ್ರಿ ಓರೆಯಲ್ಲಿ ಮೀಟರ್ ಹಿಡಿದು ಎಂಜಿನ್ ಏರಿಸಲು ಹೇಳುತ್ತಾರೆ. ಹೊರಡುವ ಮುಂಚೆ ಸೈಲೆನ್ಸರಿನೊಳಗಿನ ಹಳೆಯ ಪ್ಯಾಕಿಂಗ್ ಬದಲಿಸಿಕೊಳ್ಳಿ. ಅದು ಸುಟ್ಟು ಕರಗಿದ್ದರೆ ಸದ್ದು ಮಿತಿ ದಾಟುವುದು ಅಲ್ಲೇ.