ತೇಲುವ ನೊಣ, ನೆಲದ ಹುಳು

ಟ್ರೌಟ್ ಮೀನನ್ನು ಕೃತಕವಾದ ನೊಣದಿಂದ ವಂಚಿಸಿ ಹಿಡಿಯುವ ಕಲೆಯಲ್ಲಿ ನೀರಿನ ಮೇಲೆ ತೇಲುವ ನೊಣವೇ, ಎಂದರೆ ಬಲ್ಲವರು ಡ್ರೈ ಫ್ಲೈ ಎಂದು ಕರೆಯುವ ಬಗೆಯೇ, ಸರ್ವಶ್ರೇಷ್ಠವೆಂಬ ಮತವನ್ನು ಪ್ರತಿಷ್ಠಾಪಿಸಿದವನು ಇಂಗ್ಲೆಂಡಿನ ಫ್ರೆಡರಿಕ್ ಹಾಲ್ಫರ್ಡ್. 1886ರಲ್ಲಿ ಆತನ ಮೊದಲ ಗ್ರಂಥ ಪ್ರಕಟವಾದಂದಿನಿಂದ, ಹ್ಯಾಂಪ್‌ಶೈರಿನ ತಿಳಿನೀರ ಹೊಳೆಗಳಲ್ಲಿ ಹುಟ್ಟುವ ಮೇಫ್ಲೈ ಕುಲದ ಒಂದೊಂದು ಕೀಟದ ವರ್ಣಚ್ಛಾಯೆಯನ್ನೂ ಗರಿ ರೇಷ್ಮೆಗಳಲ್ಲಿ ಯಥಾವತ್ತಾಗಿ ಮೂಡಿಸುವುದೇ ಈ ವಿದ್ಯೆಯ ಪರಮಾರ್ಥವೆಂದು ಆತನ ಶಿಷ್ಯವರ್ಗ ನಂಬಿತು. ಆ ನಿಷ್ಠೆಗೆ ನಾನು ಕೈಮುಗಿಯುವವನೇ. ಆದರೂ ನನ್ನ ಪೆಟ್ಟಿಗೆಯಲ್ಲಿ ಅಗ್ರಾಸನವನ್ನು ಪಡೆದಿರುವುವು ನೀರಿನಲ್ಲಿ ಹುಟ್ಟಿದ ಕೀಟಗಳ ಪ್ರತಿಕೃತಿಗಳಲ್ಲ. ದಡದ ಹುಲ್ಲಿನಿಂದ ಕಾಲುಜಾರಿ ಹೊಳೆಗೆ ಬೀಳುವ ಇರುವೆ, ಮಿಡತೆ, ಜೀರುಂಡೆ, ಜಿಗಿಹುಳುಗಳವು.

ಈ ಪಕ್ಷಪಾತಕ್ಕೆ ಆಧಾರವನ್ನು ಒದಗಿಸಿದುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಕಾರ್ಲೈಲ್ ಪಟ್ಟಣದ ಬಳಿ ಹರಿಯುವ ಲೆಟಾರ್ಟ್ ಎಂಬ ಪುಟ್ಟ ತೊರೆ. ಸುಣ್ಣಕಲ್ಲಿನ ಒಡಲಿನಿಂದ ಉಕ್ಕಿಬರುವ ಅದರ ನೀರು ಬೇಸಗೆಯಲ್ಲಿಯೂ ತಣ್ಣಗೇ ಇರುವುದರಿಂದ ಅಲ್ಲಿನ ಕಂದು ಟ್ರೌಟ್‌ಗಳಿಗೆ ಆ ಋತುವಿನಲ್ಲಿ ಉಪವಾಸವಿಲ್ಲ. ಮೇಫ್ಲೈಗಳು ಒಂದೂ ಕಾಣದ ನಡುಬೇಸಗೆಯ ಹಗಲುಗಳಲ್ಲಿ ಆ ಮೀನುಗಳು ಮೇಲ್ಮೈಗೆ ಮೂತಿಯಿಟ್ಟು ಮೆಲ್ಲಮೆಲ್ಲನೆ ಏನನ್ನೋ ಹೀರುತ್ತಿದ್ದುದು ಅನೇಕರನ್ನು ಕಾಡಿತ್ತು. ವಿನ್ಸೆಂಟ್ ಮರಿನಾರೊ ಎಂಬಾತನು ದಂಡೆಯ ಮೇಲೆ ಬೋರಲು ಮಲಗಿ, ಕಣ್ಣನ್ನು ನೀರಿನ ಸಮಕ್ಕೆ ತಂದು ದಿಟ್ಟಿಸಿದಾಗ ಗುಟ್ಟು ಬಯಲಾಯಿತು: ಪ್ರವಾಹದ ತುಂಬ ಗೋಚರಕ್ಕೂ ಸಿಕ್ಕದಷ್ಟು ಸೂಕ್ಷ್ಮವಾದ ನೆಲದ ಕೀಟಗಳು ತೇಲಿ ಹೋಗುತ್ತಿದ್ದುವು. ಆತನೂ ಆತನ ಮಿತ್ರ ಚಾರ್ಲ್ಸ್ ಫಾಕ್ಸನೂ ಆ ಹುಲ್ಲುಗಾವಲಿನಲ್ಲಿ ನಡೆಸಿದ ಶೋಧನೆಯ ಫಲವೇ 1950ರಲ್ಲಿ ಹೊರಬಂದ ಮರಿನಾರೊನ ‘ಎ ಮಾಡರ್ನ್ ಡ್ರೈ ಫ್ಲೈ ಕೋಡ್’.

ನೀರೊಳಗಿನ ಮೀನಿಗೆ ಹೊರಜಗತ್ತು ಕಾಣುವುದು ನೆತ್ತಿಯ ಮೇಲಿನ ಒಂದು ದುಂಡು ಗವಾಕ್ಷದ ಮೂಲಕ. ಬೆಳಕಿನ ವಕ್ರೀಭವನದಿಂದಾಗಿ ಅದರ ಕೋನ ಸುಮಾರು 97 ಡಿಗ್ರಿಗಳಷ್ಟೆ. ಅದರಾಚೆಗೆ ನೀರಿನ ಮೇಲ್ಮೈಯ ತಳಭಾಗವೆಲ್ಲ ಕನ್ನಡಿಯಾಗಿಬಿಡುತ್ತದೆ. ಹೀಗೆ ಆಕಾಶದ ಬೆಳಕಿಗೆ ಎದುರಾಗಿ ಕೆಳಗಿನಿಂದ ನೋಡುವ ಪ್ರಾಣಿಗೆ ಮುಖ್ಯವಾಗತಕ್ಕದ್ದು ಬೆನ್ನಿನ ಬಣ್ಣವಲ್ಲ, ದೇಹದ ಹೊರರೇಖೆ. ಇರುವೆಯನ್ನೇ ನೋಡಿರಿ: ಕರಿಯ ದಾರದ ಎರಡು ಗಂಟುಗಳು, ನಡುವೆ ಸಣ್ಣ ಸೊಂಟ, ಆ ಸೊಂಟಕ್ಕೆ ಸುತ್ತಿದ ಹುಂಜದ ಕೊರಳ ಗರಿ ಒಂದೆರಡು ಸುತ್ತು, ಇಷ್ಟರಿಂದಲೇ ಇರುವೆ ಸಿದ್ಧ. ಸೊಂಟವನ್ನು ತುಂಬಿಬಿಟ್ಟರೋ, ಅದು ಇರುವೆಯಾಗಿ ಉಳಿಯದು.

ಮಿಡತೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಬೇಸಗೆಯ ಕೊನೆಯಲ್ಲಿ ಎಡ್ ಶೆಂಕ್ ಕಟ್ಟಿದ ಲೆಟಾರ್ಟ್ ಹಾಪರನ್ನು, ಟರ್ಕಿಕೋಳಿಯ ಗರಿಯ ರೆಕ್ಕೆ ಮತ್ತು ಜಿಂಕೆಗೂದಲ ತಲೆಯುಳ್ಳ ಅದನ್ನು, ದಡದಂಚಿಗೆ ತುಸು ಸದ್ದಾಗುವಂತೆ ಬೀಳಿಸಿದರೆ ಸಾಕು. ಸೂಕ್ಷ್ಮಕ್ಕೆ ಅಲ್ಲಿ ಎಡೆಯಿಲ್ಲ. ಜೀರುಂಡೆಗಾಗಿ ಲೆಟಾರ್ಟಿನವರು ಕಾಫಿಬೀಜವನ್ನೇ ಕೊಕ್ಕೆಗೆ ಅಂಟಿಸಿ ನೋಡಿದ್ದುಂಟು. ಕೊಡಗು ಚಿಕ್ಕಮಗಳೂರುಗಳ ಓದುಗರು ಇದನ್ನು ಕೇಳಿ ನಗಬಹುದು, ಆದರೆ ಬೀಜದ ಆಕಾರವನ್ನು ನೆನೆದರೆ ಅದು ಮೂರ್ಖತನವೆನಿಸದು.

ನೀರಿನ ಕೀಟಗಳ ಪಕ್ಷದಿಂದ ನಾನು ಬಿಡಲಾರದ ನೊಣ ಒಂದೇ, ಆಡಮ್ಸ್. 1922ರಲ್ಲಿ ಮಿಷಿಗನ್ನಿನ ಲೆನರ್ಡ್ ಹಾಲಡೇ ಇದನ್ನು ಕಟ್ಟಿ, ಬೋರ್ಡ್‌ಮನ್ ನದಿಯಲ್ಲಿ ಪರೀಕ್ಷಿಸಿ ನೋಡಿದ ಮಿತ್ರ ಚಾರ್ಲ್ಸ್ ಆಡಮ್ಸನ ಹೆಸರನ್ನಿಟ್ಟನು. ಬೂದುಬಣ್ಣದ ತುಪ್ಪುಳಿನ ಒಡಲು, ಕಂದುಗರಿಯೊಡನೆ ಬೆರೆತ ಪಟ್ಟೆಗರಿ. ಯಾವ ಒಂದು ಕೀಟವನ್ನೂ ಹೋಲದ ಇದು ಹತ್ತಾರು ಕೀಟಗಳ ಭ್ರಮೆಯನ್ನು ಹುಟ್ಟಿಸುತ್ತದೆಂಬುದು ಹಾಲ್ಫರ್ಡನ ಶಿಷ್ಯರಿಗೆ ಇಂದಿಗೂ ಸಹ್ಯವಾದ ಸಂಗತಿಯಲ್ಲ.

ಆದರೆ ಪ್ರಥಮ ತಾಂಬೂಲ ಸಲ್ಲತಕ್ಕದ್ದು ಮರಿನಾರೊನ ಜಾಸಿಡ್‌ಗೆ. ನಮ್ಮ ಹತ್ತಿಯ ಹೊಲದ ರೈತರು ಶಪಿಸುವ ಜಿಗಿಹುಳುವಿನ ಬಂಧುವೇ ಇದಕ್ಕೆ ಮೂಲ. ಇಪ್ಪತ್ತು, ಇಪ್ಪತ್ತೆರಡನೆಯ ಅಂಕದ ಅತಿಸಣ್ಣ ಕೊಕ್ಕೆ. ಅದರ ಮೇಲೆ ಕೆಳಗೂ ಮೇಲೂ ಕತ್ತರಿಸಿದ ಕೊರಳ ಗರಿ. ಬೆನ್ನ ಮೇಲೆ ಚಪ್ಪಟೆಯಾಗಿ ಕಟ್ಟಿದ ಒಂದೇ ಒಂದು ಗರಿಯ ತುದಿ. ಆ ಗರಿ ಮತ್ತಾವುದೂ ಅಲ್ಲ, ಪಶ್ಚಿಮ ಘಟ್ಟದ ನಮ್ಮ ಬೂದು ಕಾಡುಕೋಳಿಯ ಹುಂಜದ ಕೊರಳಿನದು. ಅದರ ಮೇಲೆ ಅರಗನ್ನು ತೊಟ್ಟಿಕ್ಕಿಸಿದಂತೆ ಮಿನುಗುವ ಬಿಳಿ ಹಳದಿ ಚುಕ್ಕೆ ಬೆಳಕನ್ನು ತಡೆಯುವಷ್ಟು ಗಟ್ಟಿ. ಆದುದರಿಂದಲೇ ಕೆಳಗಿನಿಂದ ನೋಡುವ ಮೀನಿಗೆ ಅಷ್ಟು ಸ್ಫುಟವಾದ ನೆರಳು ಕಾಣುತ್ತದೆ. ಗಾಳಗಾರರ ಈ ಮೋಹದಿಂದ ಪಾಪ, ಎಷ್ಟು ಹುಂಜಗಳು ಹತವಾದುವೋ! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷೆ ಈಗ ಈ ಹಕ್ಕಿಗೆ ಉಂಟು. ವಿದೇಶದ ಗಾಳಗಾರರಿಗೆ ಇಂದು ದೊರೆಯುವುದು ಅಲ್ಲಿಯೇ ಸಾಕಿದ ಕೋಳಿಯ ಗರಿ. ನಮ್ಮಲ್ಲಿ ಯಾರಾದರೂ ಕಾಡಿನಿಂದ ತಂದ ಗರಿಯನ್ನು ಮಾರಲು ಬಂದರೆ ಕೊಳ್ಳಬೇಡಿರಿ. ಊರಕೋಳಿಯ ಕರಿಗರಿಯ ತುಂಡಿಗೆ ವಾರ್ನಿಷ್ ಸವರಿ ಗಟ್ಟಿಮಾಡಿ ಕಟ್ಟಿರಿ. ಕಣ್ಣಿಗೆ ಅಂದವಾಗಿ ಕಾಣದಿದ್ದರೂ ನೆರಳು ಅದೇ ಬೀಳುತ್ತದೆ.