ಓದಿದವರು ಏನಂತಾರೆ?

ಸಾರ್ವಜನಿಕ ಗ್ರಂಥಾಲಯದ ಪುಸ್ತಕಗಳಲ್ಲಿ ಮುನ್ನುಡಿ, ಬೆನ್ನುಡಿಗಳ ಜೊತೆಗೆ ಇನ್ನೊಂದು ನುಡಿಯೂ ಇರುತ್ತದೆ. ಪೆನ್ಸಿಲ್ಲಿನಲ್ಲೋ ಬಾಲ್‌ಪೆನ್ನಿನಲ್ಲೋ ಪುಟದ ಅಂಚಿನಲ್ಲಿ ಗೀಚಿದ್ದು. ‘ಸೂಪರ್’, ‘ಬರೀ ಕೊರೆತ’, ‘ಇವಳಿಗೆ ಹಾಗೇ ಆಗಬೇಕು’. ಪತ್ತೇದಾರಿ ಕಾದಂಬರಿಯಾದರೆ ಮೂವತ್ತನೇ ಪುಟದಲ್ಲೇ ‘ಕೊಲೆಗಾರ ಇವನೇ’ ಎಂಬ ಉಪಕಾರ. ಗ್ರಂಥಪಾಲಕರಿಗೆ ಇದು ದಂಡ ಹಾಕಬೇಕಾದ ತಪ್ಪು. ನನಗೆ ಕನ್ನಡದಲ್ಲಿ ಯಾರೂ ಸಂಪಾದಿಸದೆ ಬಿಟ್ಟ ವಿಮರ್ಶಾ ಸಂಕಲನ. ವಾರಪತ್ರಿಕೆಗಳಲ್ಲಿ ಧಾರಾವಾಹಿ ಓಡುತ್ತಿದ್ದ ಕಾಲದಲ್ಲಿ ಇದೇ ಮಾತುಗಳು ಅಂಚೆ ಕಾರ್ಡಿನ ಮೇಲೆ ಸಂಪಾದಕರಿಗೆ ಹೋಗುತ್ತಿದ್ದವು. ಈಗ ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಯ ಮುಂದೆ ನಿಂತರೆ ಅರ್ಧ ಗಂಟೆಯಲ್ಲಿ ಬೇಕಾದಷ್ಟು ಕಿವಿಗೆ ಬೀಳುತ್ತವೆ.

ಈ ಮಾತುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? ಓದುಗ ತಾನು ಎಲ್ಲಿ ಎಡವಿದೆ ಎಂದು ಹೇಳಿದರೆ ಕಣ್ಣು ಮುಚ್ಚಿ ನಂಬುತ್ತೇನೆ. ಏಕೆ ಎಡವಿದೆ ಎಂದು ಹೇಳತೊಡಗಿದರೆ ಸ್ವಲ್ಪ ಹಿಂದೆ ಸರಿಯುತ್ತೇನೆ. ‘ಎಲ್ಲರೂ ಓದಲೇಬೇಕಾದ ಪುಸ್ತಕ’ ಎಂದರೆ ಅಲ್ಲಿಗೆ ಮಾತು ಮುಗಿಯಿತು, ಪುಸ್ತಕದ ಬಗ್ಗೆ ಏನೂ ಗೊತ್ತಾಗಲಿಲ್ಲ.

‘ಮಲೆಗಳಲ್ಲಿ ಮದುಮಗಳು’ ಬಗ್ಗೆ ಓದುಗರ ದೂರು ಒಂದೇ, ಅದೂ 1967ರಿಂದ ಬದಲಾಗಿಲ್ಲ: ಯಾರು ಯಾರು ಅಂತಲೇ ಗೊತ್ತಾಗುವುದಿಲ್ಲ, ಕಥೆ ಮುಂದೆ ಹೋಗುವುದಿಲ್ಲ. ದೂರು ನಿಜ. ಮೊದಲ ಪುಟಗಳಲ್ಲಿ ಗುತ್ತಿ ತನ್ನ ಹುಲಿಯ ನಾಯಿಯ ಜೊತೆ ಕಾಡುದಾರಿ ಹಿಡಿದು ಹೊರಟಿದ್ದಾನೆ. ಇವನೇ ನಾಯಕ ಎಂದು ಓದುಗ ಕುರ್ಚಿ ಸರಿಮಾಡಿಕೊಂಡು ಕೂರುತ್ತಾನೆ. ಅಷ್ಟರಲ್ಲಿ ದಾರಿಯಲ್ಲಿ ಸಿಕ್ಕವರೆಲ್ಲ ಕಥೆಗೆ ಬರುತ್ತಾರೆ. ಅವರ ಮನೆ, ಅವರ ಜಗಳ, ಅವರ ಸಾಲ, ಅವರ ಮದುವೆ. ಐತ ಪೀಂಚಲು ಬಂದರು, ಮುಕುಂದಯ್ಯ ಚಿನ್ನಮ್ಮ ಬಂದರು, ಗುತ್ತಿ ಎಲ್ಲಿ ಹೋದ? ಈ ಪ್ರಶ್ನೆ ಹುಟ್ಟುವ ಜಾಗದಲ್ಲೇ ಬಹಳ ಜನ ಪುಸ್ತಕ ಮಡಿಚಿಡುತ್ತಾರೆ. ಆಮೇಲೆ ‘ಕುವೆಂಪು ವರ್ಣನೆ ಜಾಸ್ತಿ’ ಎಂದು ಕಾರಣ ಕೊಡುತ್ತಾರೆ. ಕಾರಣ ಅದಲ್ಲ. ಒಬ್ಬನನ್ನು ಹಿಡಿದುಕೊಂಡು ಓದುವ ಅಭ್ಯಾಸವನ್ನು ಈ ಕಾದಂಬರಿ ಬೇಕೆಂತಲೇ ಮುರಿಯುತ್ತದೆ. ಇಲ್ಲಿ ಹೆಗ್ಗಡೆಗಿಂತ ಹೊಲೆಯರ ಗುತ್ತಿ ಕಡಿಮೆಯವನಲ್ಲ, ಗುತ್ತಿಗಿಂತ ಅವನ ನಾಯಿ ಕಡಿಮೆಯದಲ್ಲ. ತುಂಗೆಯ ಪ್ರವಾಹದಲ್ಲಿ ಹುಲಿಯ ಕೊಚ್ಚಿಹೋಗುವಾಗ ಎದೆ ಹಿಂಡುವುದು ಅದಕ್ಕೇ.

ವರ್ಣನೆ ಜಾಸ್ತಿ, ಉದ್ದ ಜಾಸ್ತಿ ಎಂಬ ಕಾರಣ ಸುಳ್ಳೆನ್ನಲು ನನ್ನ ಬಳಿ ಒಂದು ಪುರಾವೆಯೂ ಇದೆ. 2010ರಲ್ಲಿ ಮೈಸೂರಿನ ರಂಗಾಯಣ ಇದೇ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಒಂಬತ್ತು ಗಂಟೆಯ ನಾಟಕ ಮಾಡಿತು. ರಾತ್ರಿ ಶುರುವಾದರೆ ಬೆಳಗಿನವರೆಗೆ. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಜನ ಎದ್ದು ನಡೆಯಬೇಕು. ಕಂಬಳಿ ಹೊದ್ದು, ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಜನ ನೋಡಿದರು. ನಾಟಕ ನೋಡಿ ಬಂದು ಪುಸ್ತಕ ಮತ್ತೆ ಹಿಡಿದವರಲ್ಲಿ ‘ಈ ಸಲ ಸಲೀಸಾಗಿ ಹೋಯಿತು’ ಎಂದವರನ್ನು ಬಲ್ಲೆ. ಮುಖಗಳು ಪರಿಚಯವಾಗಿದ್ದವು, ಅಷ್ಟೇ. ಅಂದರೆ ಅವರ ಮೊದಲ ತೊಡಕು ಉದ್ದದ್ದಲ್ಲ, ಜನಜಂಗುಳಿಯದ್ದು. ಪ್ರಕಾಶಕರು ಇಂಥ ಒಂದು ದೂರನ್ನು ಕಿವಿಗೆ ಹಾಕಿಕೊಂಡು ಪುಸ್ತಕದ ಕೊನೆಗೆ ಮನೆತನಗಳ ಪಟ್ಟಿಯನ್ನೂ ಊರುಗಳ ನಕ್ಷೆಯನ್ನೂ ಸೇರಿಸಿದರೆ ಹತ್ತು ವಿಚಾರ ಸಂಕಿರಣಗಳಿಗಿಂತ ಹೆಚ್ಚಿನ ಉಪಕಾರವಾಗುತ್ತದೆ.

‘ಕುಸುಮಬಾಲೆ’ಯದು ಬೇರೆ ಥರದ ತಕರಾರು. ಮೊದಲು ಇದನ್ನು ಕನ್ನಡಕ್ಕೆ ಅನುವಾದ ಮಾಡಿ ಎಂಬ ಚಟಾಕಿ ಬಹಳ ಹಳೆಯದು. ದೇವನೂರ ಮಹಾದೇವ ನಂಜನಗೂಡು ಸೀಮೆಯ ಮಾತಿನಲ್ಲಿ ಬರೆದ ಈ ಪುಟ್ಟ ಪುಸ್ತಕಕ್ಕೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೂ ‘ಅರ್ಥವಾಗಲಿಲ್ಲ’ ಎನ್ನುವವರು ಕಡಿಮೆಯಾಗಲಿಲ್ಲ. ಆದರೆ ಈ ಮಾತನ್ನು ಯಾರು ಹೇಳುತ್ತಿದ್ದಾರೆ ಎಂದು ನೋಡಬೇಕು. ಧಾರವಾಡದವರು, ಉಡುಪಿಯವರು, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಚಾಮರಾಜನಗರದ ಕಡೆಯ ಓದುಗರನ್ನು ಕೇಳಿ, ಅವರಿಗೆ ಭಾಷೆ ತೊಡಕೇ ಅಲ್ಲ. ರಾತ್ರಿ ಜೋತಮ್ಮಗಳು, ಅಂದರೆ ಮನೆಮನೆಯ ದೀಪಗಳು, ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುವ ಭಾಗ, ಮಂಚ ಮಾತಾಡುವ ಭಾಗ ಅವರಿಗೆ ಅಜ್ಜಿಯ ಕಥೆಯಷ್ಟೇ ಸಹಜ. ಅವರ ಆಕ್ಷೇಪ ಇದ್ದರೆ ಅದು ಕಥೆಯಲ್ಲಿ ನಡೆಯುವ ಕೊಲೆಯ ಸುತ್ತ ಊರು ತೋರುವ ಮೌನದ ಬಗ್ಗೆ, ಜಾತಿಯ ಬಗ್ಗೆ. ಇದೇ ಲೆಕ್ಕದಲ್ಲಿ ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ ಓದಿ ಮೈಸೂರಿನವರು ಮುಖ ಸಿಂಡರಿಸಿದರೆ ನವಲಗುಂದದವರು ನಕ್ಕು ನಕ್ಕು ಸಾಯುತ್ತಾರೆ. ‘ಅರ್ಥವಾಗಲಿಲ್ಲ’ ಎನ್ನುವ ಓದುಗ ತನ್ನ ಊರಿನ ಹೆಸರನ್ನೂ ಜೊತೆಗೆ ಹೇಳಿದರೆ ಆ ಅಭಿಪ್ರಾಯಕ್ಕೆ ತೂಕ ಬರುತ್ತದೆ. ಕುಸುಮಬಾಲೆಯನ್ನು ಗಟ್ಟಿಯಾಗಿ ಓದಿಕೊಂಡರೆ ಮುಕ್ಕಾಲು ಪಾಲು ತೊಡಕು ಬಿಟ್ಟುಹೋಗುತ್ತದೆ ಎಂಬ ಸಲಹೆಯನ್ನು ನಾನು ಮೊದಲು ಕೇಳಿದ್ದು ಓದುಗರಿಂದಲೇ. ನಮ್ಮ ವಿಮರ್ಶಕರು ಆ ಹೊತ್ತಿಗೆ ಮಾಂತ್ರಿಕ ವಾಸ್ತವ ಎಂದು ತಲೆ ಕೆಡಿಸಿಕೊಂಡಿದ್ದರು.

ಇನ್ನು, ಪುಸ್ತಕವೊಂದರಿಂದ ಎಷ್ಟು ವಿಷಯ ತಿಳಿಯಿತು ಎಂದು ಲೆಕ್ಕ ಹಾಕುವ ಓದುಗರು. ಇವರ ಸಂಖ್ಯೆ ದೊಡ್ಡದು, ಇವರಿಂದಲೇ ಕನ್ನಡ ಪುಸ್ತಕದಂಗಡಿಗಳು ನಡೆಯುತ್ತಿವೆ ಎಂದರೂ ತಪ್ಪಿಲ್ಲ. ಭೈರಪ್ಪನವರ ಬಗ್ಗೆ ಇವರು ಹೇಳುವ ಮೊದಲ ಮಾತು, ‘ಎಷ್ಟು ಅಧ್ಯಯನ ಮಾಡಿದ್ದಾರೆ!’ ‘ಪರ್ವ’ಕ್ಕೂ ಅದೇ, ‘ಮಂದ್ರ’ಕ್ಕೂ ಅದೇ, ‘ಸಾರ್ಥ’ಕ್ಕೂ ಅದೇ. ಕೆ.ಎನ್. ಗಣೇಶಯ್ಯನವರ ರೋಚಕ ಕಥೆಗಳಲ್ಲಿ ಬರುವ ಚಿತ್ರ, ಆಕರಗಳಿಗೂ ಅದೇ ಮೆಚ್ಚುಗೆ. ವಸುಧೇಂದ್ರರ ‘ತೇಜೋ ತುಂಗಭದ್ರಾ’ ಬಂದಾಗ ಲಿಸ್ಬನ್ನಿನ ಯಹೂದಿಗಳ ಬಗ್ಗೆ, ವಿಜಯನಗರದ ಬಗ್ಗೆ ಎಷ್ಟೊಂದು ತಿಳಿಯಿತು ಎಂದವರೇ ಹೆಚ್ಚು. ಅದರೊಳಗಿನ ಪಾತ್ರ ಹಂಪಮ್ಮನ ಬಗ್ಗೆ ಮಾತಾಡಿದವರು ಕಡಿಮೆ. ಲೇಖಕ ಪಟ್ಟ ಶ್ರಮವನ್ನು ಓದುಗ ಗೌರವಿಸುವುದು ಒಳ್ಳೆಯದೇ. ಆದರೆ ಶ್ರಮಪಟ್ಟದ್ದು ಕಾದಂಬರಿಯೊಳಗೆ ಕರಗಿದೆಯೋ ಗಂಟುಗಂಟಾಗಿ ಉಳಿದಿದೆಯೋ ಎಂದು ನೋಡುವ ಸಹನೆ ಈ ಅಭಿಪ್ರಾಯಗಳಲ್ಲಿ ಇರುವುದಿಲ್ಲ.

‘ಆವರಣ’ದ ಗತಿ ಆದದ್ದೂ ಹೀಗೆಯೇ, ಇನ್ನೂ ಕೆಟ್ಟದಾಗಿ. 2007ರಲ್ಲಿ ಹೊರಬಂದ ಕೆಲವೇ ತಿಂಗಳಲ್ಲಿ ಮುದ್ರಣದ ಮೇಲೆ ಮುದ್ರಣ ಕಂಡ ಈ ಕಾದಂಬರಿಯ ಬಗ್ಗೆ ಅಭಿಪ್ರಾಯ ಹೇಳದವರೇ ಇರಲಿಲ್ಲ. ಪರ ವಿರೋಧದ ಬರಹಗಳು ಪುಸ್ತಕಗಳಾಗಿಯೂ ಬಂದವು. ಆ ಗದ್ದಲದಲ್ಲಿ ಓದುಗರ ಅಭಿಪ್ರಾಯ ಎಂದರೆ ಯಾವ ಕಡೆಯ ಸಾಲಿನಲ್ಲಿ ನಿಂತಿದ್ದೀರಿ ಎಂಬುದಷ್ಟೇ ಆಯಿತು. ಲಕ್ಷ್ಮಿ ರಜಿಯಾ ಆಗಿ, ಅಪ್ಪ ಸತ್ತ ಮೇಲೆ ಊರಿಗೆ ಮರಳಿ ಅವನ ಪುಸ್ತಕಗಳನ್ನು ಓದಿ, ತಾನೂ ಒಂದು ಕಾದಂಬರಿ ಬರೆಯುತ್ತಾಳೆ. ಆ ಒಳಗಿನ ಕಾದಂಬರಿಯಲ್ಲಿ, ಸೆರೆಸಿಕ್ಕು ಖೋಜಾ ಆದ ರಜಪೂತ ರಾಜಕುಮಾರನ ಕಥೆಯಲ್ಲಿ, ಭೈರಪ್ಪನವರ ಕಥನಶಕ್ತಿ ಗಟ್ಟಿಯಾಗಿಯೇ ಇದೆ. ಹೊರಗಿನ ಕಥೆಯಲ್ಲಿ ಪಾತ್ರಗಳು ಬಾಯಿ ತೆರೆದರೆ ಭಾಷಣ. ಒಂದೇ ಪುಸ್ತಕದ ಎರಡು ಭಾಗಗಳ ನಡುವೆ ಇಷ್ಟು ಅಂತರವಿದೆ ಎಂದು ಹೊಗಳಿದವರೂ ಹೇಳಲಿಲ್ಲ, ಬೈದವರೂ ಹೇಳಲಿಲ್ಲ. ನಾಯಕಿ ತನ್ನ ಆಕರಗ್ರಂಥಗಳ ಪಟ್ಟಿ ಕೊಡುವುದನ್ನೇ ಕೆಲವರು ಕಾದಂಬರಿಯ ದೊಡ್ಡ ಗುಣವೆಂದರು. ಓದುಗರ ಮಾತಿನ ಮೇಲೆ ನನಗಿರುವ ವಿಶ್ವಾಸ ಅಲುಗಾಡುವುದು ಇಂಥಲ್ಲಿ. ಪುಸ್ತಕ ತೆರೆಯುವ ಮೊದಲೇ ಸಿದ್ಧವಾದ ಅಭಿಪ್ರಾಯ ಓದಿದ ಮೇಲೂ ಹಾಗೇ ಉಳಿದಿದ್ದರೆ, ನಡುವೆ ಓದು ನಡೆದದ್ದಾದರೂ ಯಾವಾಗ?

ಎಲ್ಲರೂ ಒಪ್ಪಿದ ಪುಸ್ತಕದ ಕಷ್ಟ ಇನ್ನೊಂದು ಬಗೆಯದು. ‘ಕರ್ವಾಲೊ’ ಇಷ್ಟವಾಗಲಿಲ್ಲ ಎನ್ನುವ ಕನ್ನಡಿಗ ನನಗೆ ಇನ್ನೂ ಸಿಕ್ಕಿಲ್ಲ. ಮಂದಣ್ಣ, ಪ್ಯಾರ, ಬಿರಿಯಾನಿ ಕರಿಯಪ್ಪ, ಕಿವಿ ಎಂದು ಹೆಸರು ಹೇಳುತ್ತಲೇ ನಗು. ಹಾರುವ ಓತಿಯನ್ನು ಹುಡುಕಿ ಹೊರಟವರ ಜೊತೆ ತಾವೂ ಕಾಡಿಗೆ ಹೋಗಿ ಬಂದೆವೆಂಬ ಖುಷಿ. ಆ ನಗುವಿನ ಅಡಿಯಲ್ಲಿ, ತೋಟ ಮಾರಿ ಹೊರಟುಬಿಡಲೇ ಎಂದು ಬೇಸತ್ತ ಕೃಷಿಕನೊಬ್ಬ ಕಥೆ ಹೇಳುತ್ತಿದ್ದಾನೆ ಎಂಬುದು ಎಷ್ಟು ಜನರ ನೆನಪಿನಲ್ಲಿದೆ? 1980ರ ಈ ಕಾದಂಬರಿಯ ಬಗ್ಗೆ ಮಲೆನಾಡಿನ ಕಾಫಿ, ಏಲಕ್ಕಿ ಬೆಳೆಗಾರರು ಏನೆನ್ನುತ್ತಾರೆಂದು ಯಾರಾದರೂ ಕೂತು ಕೇಳಿಸಿಕೊಳ್ಳಬೇಕು.

ಬಾನು ಮುಷ್ತಾಕ್ ಅವರ ಕಥೆಗಳ ಮಾತು ಬಂದರೆ ಸ್ವಲ್ಪ ಸಿಟ್ಟೇ ಬರುತ್ತದೆ. ದಶಕಗಳಿಂದ ಕನ್ನಡದಲ್ಲೇ ಇದ್ದ ಕಥೆಗಳು ಅವು. ‘ಕರಿ ನಾಗರಗಳು’ ಕಥೆಯನ್ನು ಗಿರೀಶ ಕಾಸರವಳ್ಳಿ 2004ರಲ್ಲೇ ‘ಹಸೀನಾ’ ಸಿನಿಮಾ ಮಾಡಿದ್ದರು. ದೀಪಾ ಭಾಸ್ತಿ ಹನ್ನೆರಡು ಕಥೆಗಳನ್ನು ಆರಿಸಿ ಇಂಗ್ಲಿಷಿಗೆ ಕೊಂಡೊಯ್ದು, 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ‘ಎದೆಯ ಹಣತೆ’ ಹುಡುಕಿಕೊಂಡು ಜನ ಅಂಗಡಿಗೆ ಬಂದರು. ಬಂದದ್ದು ಸಂತೋಷವೇ. ಆದರೆ ಅವರ ಅಭಿಪ್ರಾಯ ಕೇಳಿ: ‘ಬೂಕರ್ ಬರುವಂಥದ್ದು ಇದರಲ್ಲಿ ಏನಿದೆ?’ ಅಥವಾ ‘ಬೂಕರ್ ಸುಮ್ಮನೆ ಬರುತ್ತದಾ?’ ಎರಡೂ ಬಹುಮಾನದ ವಿಮರ್ಶೆ. ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಎರಡನೇ ಮದುವೆಯಾದಾಗ ಮಕ್ಕಳನ್ನು ಕಟ್ಟಿಕೊಂಡು ಮುತವಲ್ಲಿಯ ಬಾಗಿಲಿಗೆ ನ್ಯಾಯ ಕೇಳಲು ಹೋಗುವ ಹೆಂಗಸು ಆ ಗದ್ದಲದಲ್ಲಿ ಮತ್ತೆ ಬಾಗಿಲಲ್ಲೇ ನಿಂತಳು.

ಓದುಗರು ಒಟ್ಟಾಗಿ ಎಡವುವ ಜಾಗ ನೋಡಬೇಕೆಂದರೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕೊನೆಗೆ ಬರಬೇಕು. ಕಾಫಿ ಹೌಸಿನಲ್ಲಿ ಕುಳಿತು ತನ್ನ ಮನೆಯ ಕಥೆ ಹೇಳಿಕೊಂಡ ನಿರೂಪಕ ಕೊನೆಯಲ್ಲಿ ಕೈಯಿಂದ ಗ್ಲಾಸು ಜಾರಿಸುತ್ತಾನೆ. ವೇಟರ್ ವಿನ್ಸೆಂಟ್ ಬಂದು ಕೈಗೆ ರಕ್ತ ಹತ್ತಿದೆ, ತೊಳೆದುಕೊಳ್ಳಿ ಎಂದು ಸೂಚಿಸುತ್ತಾನೆ. ಮುಗಿಯಿತು. ‘ಅವನ ಹೆಂಡತಿ ಅನಿತಾಗೆ ಏನಾಯಿತು?’ ಎಂಬುದು ಎಲ್ಲರ ಪ್ರಶ್ನೆ. ‘ಅರ್ಧಕ್ಕೆ ನಿಲ್ಲಿಸಿದ್ದಾರೆ’ ಎಂಬುದು ಬಹುತೇಕರ ತೀರ್ಪು. ತೀರ್ಪು ತಪ್ಪು, ಪ್ರಶ್ನೆ ಸರಿಯಾದದ್ದು. ಉತ್ತರ ಪುಸ್ತಕದ ನಡುವೆಯೇ ಬಿದ್ದಿದೆ. ಹಳೆಯ ಮನೆಯಲ್ಲಿ ಇರುವೆಗಳ ಮೇಲೆ ಈ ಕುಟುಂಬ ಸೇಡು ತೀರಿಸಿಕೊಳ್ಳುವ ಬಗೆ ನೋಡಿ. ಹೊಸಕಿ ಹಾಕುವುದರಲ್ಲಿ ಎಲ್ಲರಿಗೂ ಒಂದು ಹಿತವಿದೆ. ಚಿಕ್ಕಪ್ಪನನ್ನು ಹುಡುಕಿಕೊಂಡು, ಪ್ರೀತಿಯಿಂದ ಮಾಡಿದ ಅಡುಗೆಯನ್ನು ಡಬ್ಬಿಯಲ್ಲಿ ತಂದ ಹೆಂಗಸನ್ನು ಬಾಗಿಲಿನಿಂದಲೇ ಅಟ್ಟುವಾಗ ಅಮ್ಮ, ಅಕ್ಕ ಇಬ್ಬರ ಬಾಯಿಂದ ಬರುವ ಮಾತು ಕೇಳಿ. ಮನೆಗೆ ಅನ್ನ ಹಾಕುವವನನ್ನು ಕಾಪಾಡಲು ಇವರು ಎಲ್ಲಿಯವರೆಗೂ ಹೋಗಬಲ್ಲರು ಎಂದು ಅಲ್ಲೇ ಗೊತ್ತಾಗುತ್ತದೆ. ಆ ಹೆಂಗಸಿನ ಪರ ದನಿ ಎತ್ತಿದವಳು ಮನೆಯಲ್ಲಿ ಅನಿತಾ ಒಬ್ಬಳೇ. ಇದನ್ನೆಲ್ಲ ಓದುಗ ಗಮನಿಸಿಲ್ಲವೆಂದಲ್ಲ. ಗಮನಿಸಿರುವುದರಿಂದಲೇ ಕೊನೆಗೆ ಅವನಿಗೆ ಹೆದರಿಕೆಯಾಗಿದೆ. ಲೇಖಕ ಬಾಯಿಬಿಟ್ಟು ಹೇಳಲಿ ಎಂದು ಅವನು ಒತ್ತಾಯಿಸುವುದು ಆ ಹೆದರಿಕೆಯಲ್ಲಿ. ಈ ಪುಸ್ತಕದ ಯಶಸ್ಸಿಗೆ ಆ ಅಸಮಾಧಾನಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಓದುಗರ ಅಭಿಪ್ರಾಯ ವಿಮರ್ಶಕರಿಗಿಂತ ಬಹಳ ಮುಂದೆ ಇದ್ದ ಸಂದರ್ಭವೂ ಒಂದಿದೆ, ಅದು ತ್ರಿವೇಣಿಯವರದು. ಅವರು 1963ರಲ್ಲಿ ತೀರಿಕೊಂಡಾಗ ವಯಸ್ಸು ನಲವತ್ತೂ ಆಗಿರಲಿಲ್ಲ. ನವ್ಯರ ಅಬ್ಬರದ ಕಾಲದಲ್ಲಿ ಅವರದ್ದು ‘ಜನಪ್ರಿಯ’ ಸಾಹಿತ್ಯ, ಅಂದರೆ ಮಾತಾಡಬೇಕಿಲ್ಲದ ಸಾಹಿತ್ಯ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ‘ಶರಪಂಜರ’ ತಂದು, ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಓದುತ್ತಿದ್ದ ಹೆಂಗಸರಿಗೆ ಈ ವಿಂಗಡಣೆ ಗೊತ್ತಿರಲಿಲ್ಲ. ಬಾಣಂತಿತನದಲ್ಲಿ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದಿದ್ದಾಳೆ. ನಕ್ಕರೆ ಹುಚ್ಚು, ಸಿಟ್ಟಾದರೆ ಹುಚ್ಚು, ಸುಮ್ಮನಿದ್ದರೆ ಇನ್ನೂ ಹುಚ್ಚು. 1971ರಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾ ಬಂದ ಮೇಲೆ ಕಾವೇರಿ ಎಂದರೆ ಕಲ್ಪನಾ ಎಂದಾಯಿತು, ಅತ್ತವರೇ ಎಲ್ಲ. ಆದರೆ ಪುಸ್ತಕ ಓದಿದವರ ಮಾತಿನಲ್ಲಿ ಅಳುವಿಗಿಂತ ಆಪಾದನೆ ಜಾಸ್ತಿ ಇತ್ತು: ಅವಳಿಗೆ ಹುಚ್ಚು ಹಿಡಿದದ್ದಲ್ಲ, ಮನೆಯವರು ಹಿಡಿಸಿದ್ದು. ಸ್ತ್ರೀವಾದಿ ವಿಮರ್ಶೆ ತ್ರಿವೇಣಿಯವರನ್ನು ಮತ್ತೆ ಕೈಗೆತ್ತಿಕೊಂಡು, ಅಡಿಟಿಪ್ಪಣಿಗಳ ಸಮೇತ ಇದೇ ಮಾತಿಗೆ ಬಂದು ಮುಟ್ಟಲು ಮುಂದೆ ಎಷ್ಟೋ ವರ್ಷ ಹಿಡಿಯಿತು. ಅಷ್ಟರಲ್ಲಿ ಆ ಹೆಂಗಸರು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನೂ ಓದಿ ಮುಗಿಸಿ, ಅವಳ ತಲೆ ಬೋಳಿಸಿದವರ ಬಗ್ಗೆಯೂ ತಮ್ಮ ಅಭಿಪ್ರಾಯ ಹೇಳಿ ಆಗಿತ್ತು.